ಮುಗಿಲಿಗೆ ಕಾಣುವ ಬದು

ನಮ್ಮ ಹೊಲದಲ್ಲಿ ಇಷ್ಟು ವರ್ಷ ಏನೂ ಬೆಳೆದೇ ಇಲ್ಲ ಎಂದು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿದ್ದರು. ಹಾಗಾದರೆ ಇಷ್ಟು ವರ್ಷ ನಾವು ತಿಂದದ್ದೇನು? ಮಣ್ಣೇ?

ಬೆಳೆ ಸರದಿ ನಕ್ಷೆ ಎಂದು ಅದರ ಹೆಸರು. ಮೇಲೆಲ್ಲೋ ತಿರುಗುವ ಉಪಗ್ರಹ ಎಲ್ಲರ ಹೊಲದ ಫೋಟೋ ತೆಗೆಯುತ್ತದಂತೆ. ಯಾವ ಹೊಲ ಯಾವಾಗ ಹಸಿರಾಯಿತು, ಯಾವಾಗ ಒಣಗಿತು, ಹೋದ ವರ್ಷ ಮೆಕ್ಕೆಜೋಳ ಇದ್ದಲ್ಲಿ ಈ ವರ್ಷ ತೊಗರಿ ಬಂತೋ ಇಲ್ಲವೋ, ಎಲ್ಲ ಅದಕ್ಕೆ ತಿಳಿಯುತ್ತದಂತೆ. ಗೋಮಾಳ ಉಳುವವರಲ್ಲಿ ಯಾರದು ನಿಜ, ಯಾರದು ಸುಳ್ಳು ಎಂದು ಅದನ್ನು ನೋಡಿ ತೀರ್ಮಾನ ಮಾಡುತ್ತಾರೆ. ನಿಜದವರಿಗೆ ಸಾಗುವಳಿ ಚೀಟಿ. ಸುಳ್ಳಿನವರ ನೆಲ ವಾಪಸ್ಸು. ನಮ್ಮ ತುಂಡಿಗೆ ಕಂದು ಬಣ್ಣ ಬಳಿದು 'ಬೀಳು' ಎಂದು ಬರೆದಿದ್ದರು.

ನಾನು ಹೇಮಾವತಿ, ಬೋರಕ್ಕನ ಸೊಸೆ. ಆ 'ಬೀಳು' ಇರುವುದು ರಾಮಗಿರಿ ಕಡೆಯ ಗುಡ್ಡದ ಬುಡದಲ್ಲಿ. ನಾನು ಮದುವೆಯಾಗಿ ಬಂದಾಗ ಅದು ಅರ್ಧ ಹೊಲ, ಅರ್ಧ ಕಲ್ಲು. ಅತ್ತೆಯೂ ಮಾವ ಕಾಟಪ್ಪನೂ ಹಾರೆ ಹಾಕಿ ಕಲ್ಲು ಎಬ್ಬಿಸಿ, ತಲೆಯ ಮೇಲೆ ಹೊತ್ತು ಅಂಚಿಗೆ ಒಟ್ಟುತ್ತಿದ್ದರು. ಒಂದು ದಿನ ಗುಂಡೊಂದು ಉರುಳಿ ಮಾವನ ಪಾದ ಜಜ್ಜಿತು. ಕೀವು ಮೇಲೇರಿತು. ಕಾಲು ತೆಗೆಯಬೇಕು ಎಂದರು ಡಾಕ್ಟರು. ಕಾಲಿಲ್ಲದೆ ಹೊಲ ಮಾಡುವುದು ಹೆಂಗೆ ಎಂದು ಮಾವ ಆಸ್ಪತ್ರೆಯಿಂದ ಎದ್ದು ಬಂದ. ಕಾಲು ಉಳಿಸಿಕೊಂಡೇ ಸತ್ತ. ಮಣ್ಣು ಮಾಡಿದ ವಾರದಲ್ಲೇ ಅತ್ತೆ ಅದೇ ಹಾರೆ ಹಿಡಿದು ಅದೇ ಗುಂಡನ್ನು ಅಂಚಿಗೆ ತಳ್ಳಿದಳು.

ಅಂಥ ನೆಲವನ್ನು ಬೀಳು ಅನ್ನುತ್ತಾರೆ. ಅವರ ಬಾಯಿಗೆ ಮಣ್ಣು ಹಾಕ.

ಮೇಲಿನಿಂದ ನೋಡಿದವರಿಗೆ ನಮ್ಮ ಹೊಲ ಬೋಳಾಗಿ ಕಂಡದ್ದು ಸುಳ್ಳಲ್ಲ. ಯಾಕೆ ಬೋಳು ಎಂದು ಕೇಳಬೇಕಿತ್ತು. ನಮ್ಮೂರಲ್ಲಿ ಮುಂಗಾರು ಬಿದ್ದರೆ ಮೊದಲ ಕೂರಿಗೆ ಶಿವಕುಮಾರಪ್ಪ ಗೌಡರ ಹೊಲಕ್ಕೆ. ಅವರ ಹೊಲ ಗುಡ್ಡದ ಬುಡದಿಂದ ರೈಲು ಹಳಿಯ ತನಕ ಹಾಸಿಕೊಂಡಿದೆ. ಕೇರಿಯವರು ಮೊದಲು ಅದನ್ನು ಬಿತ್ತಬೇಕು. ಸಾಲಿನ ನಡುವೆ ಎಡೆ ಹೊಡೆಯಬೇಕು. ಕಳೆ ಕೀಳಬೇಕು. ಬುಡಕ್ಕೆ ಗೊಬ್ಬರ ಇಡಬೇಕು. ಎಲ್ಲ ಮುಗಿದ ಮೇಲೆ ಅವರ ಟ್ರ್ಯಾಕ್ಟರ್ ನಮ್ಮ ಕಡೆ ಮುಖ ಮಾಡುತ್ತದೆ. ಅಷ್ಟರಲ್ಲಿ ಮೆಕ್ಕೆಜೋಳದ ಕಾಲ ಹೋಗಿರುತ್ತದೆ, ರಾಗಿಯ ಕಾಲವೂ ಹೋಗಿರುತ್ತದೆ. ಹಿಂಗಾರಿನ ನಾಲ್ಕು ಹನಿ ನಂಬಿ ಹುರುಳಿ ಚೆಲ್ಲುತ್ತೇವೆ. ಒಂದು ವರ್ಷ ಹುರುಳಿ, ಒಂದು ವರ್ಷ ಅಲಸಂದೆ. ಗೌಡರ ಹೊಲ ಎದೆಯೆತ್ತರ ಹಸಿರಾಗಿ ನಿಂತಾಗ ನಮ್ಮದು ಬೋಳಾಗಿಯೇ ಇರುತ್ತದೆ. ಆ ಹಸಿರು ಮಾಡಿದ್ದೂ ನಮ್ಮ ಕೈಯೇ. ಇದನ್ನು ಯಾವ ಕಾನೂನೂ ಹೇಳಿಲ್ಲ. ತಪ್ಪಿದರೆ ಏನಾಗುತ್ತದೆ ಎಂದು ಮಾತ್ರ ಕೇರಿಯ ಕೂಸಿಗೂ ಗೊತ್ತು.

ಗೋಡೆಗೆ ಅಂಟಿಸುವ ಮುಂಚೆ, ನಕ್ಷೆ ಮಾಡುವ ಕಂಪನಿಯಿಂದ ಅಂಜನ್ ಎಂಬ ಎಂಜಿನಿಯರ್ ಬಂದಿದ್ದ. ಮುಗಿಲಿಗೆ ಕಂಡದ್ದು ನೆಲದ ಮೇಲೆ ಸರಿಯಿದೆಯೇ ಎಂದು ಊರೂರಿಗೆ ಹೋಗಿ ತಾಳೆ ನೋಡುವುದು ಅವನ ಕೆಲಸ. ಇಳಿದುಕೊಂಡದ್ದು ಗೌಡರ ಮನೆಯಲ್ಲಿ. ಮೊದಲ ದಿನ ಪಾಪ, ನೇರ ನಮ್ಮ ಹೊಲಕ್ಕೇ ಬಂದ. ಬಿಸಿಲಿಗೆ ಕೆಂಪೇರಿದ್ದ. ಅತ್ತೆ ತನ್ನ ಕ್ಯಾನಿನಿಂದ ನೀರು ಕೊಟ್ಟಳು. ಕುಡಿದ. ಇನ್ನೊಂದು ಲೋಟ ಕೇಳಿ ಕುಡಿದ. ನಾಳೆ ಬಂದು ಎಲ್ಲ ವಿಚಾರಿಸಿಕೊಳ್ಳುತ್ತೇನೆ ಎಂದು ಹೇಳಿ ಹೋದ.

ಆ ಸಂಜೆ ನಾನು ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಗೌಡರ ದನಿ ಕೇಳಿತು.

"ಏನಪ್ಪ ಎಂಜಿನಿಯರ್ರೇ, ಕೇರಿಯೋರ ನೀರು ಕುಡುದ್ರಂತೆ?"

"ಬಾಯಾರಿತ್ತು ಸರ್."

"ನಮ್ಮನೇಲಿ ಉಣ್ಣೋರು ಹಂಗೆಲ್ಲ ಮಾಡಬಾರ್ದು. ಹೋಗ್ರಿ, ತಲೆ ಮ್ಯಾಲೆ ನೀರು ಹಾಕ್ಕಂಡು ಬರ್ರಿ. ಆಮ್ಯಾಲೆ ಎಲೆ ಹಾಕಾಣ."

ಇವನು ಓದಿದವನು, ಏನಾದರೂ ಅಂದಾನು ಎಂದು ನಾನು ಬಾಚುವುದನ್ನು ನಿಲ್ಲಿಸಿ ಕಾದೆ. ಅವನು ಎದ್ದು ಬಚ್ಚಲಿಗೆ ಹೋದ. ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಕೊಟ್ಟಿಗೆ ತನಕ ಕೇಳಿತು. ನಮ್ಮ ಎರಡು ಲೋಟ ನೀರು ತೊಳೆಯಲು ಎರಡು ಬಿಂದಿಗೆ ನೀರು ಬೇಕಾಯಿತು.

ಮಾರನೇ ದಿನ ಅವನು ನಮ್ಮ ಕಡೆ ಬರಲಿಲ್ಲ. "ಬಿಸಿಲಾಗೆ ಯಾಕೆ ಅಲೀತೀರಿ, ಇಲ್ಲೇ ಕುಂತ್ಕಳ್ರಿ" ಎಂದು ಗೌಡರು ಜಗಲಿಯ ಮೇಲೆ ಕೂರಿಸಿಕೊಂಡರು. ಊರಲ್ಲಿ ಬಿತ್ತನೆ ಯಾವಾಗ, ಕೊಯ್ಲು ಯಾವಾಗ, ಯಾವುದರ ಹಿಂದೆ ಯಾವ ಬೆಳೆ, ಎಲ್ಲ ಅವರೇ ಹೇಳಿದರು, ಇವನು ಕೈಲಿದ್ದ ಯಂತ್ರದಲ್ಲಿ ಒತ್ತಿಕೊಂಡ. ಗೌಡರ ಬಿತ್ತನೆಯೇ ಊರಿನ ಬಿತ್ತನೆಯಾಯಿತು. ಅವರ ಕೊಯ್ಲಿನ ಹೊತ್ತಿಗೆ ಬರುವ ನಮ್ಮ ಹುರುಳಿ, ಅವನ ಯಂತ್ರದ ಲೆಕ್ಕದಲ್ಲಿ ಹುಲ್ಲಾಯಿತು.

ಇದು ನಮಗೆ ತಿಳಿದದ್ದು ಗೋಡೆಯ ಮೇಲಿನ ನಕ್ಷೆ ನೋಡಿದ ದಿನ. ಅಂಜನ್ ಕಚೇರಿಯಲ್ಲೇ ಇದ್ದ. ಅತ್ತೆ ಅವನ ಮೇಜಿನ ಮುಂದೆ ನಿಂತಳು.

"ಸಾಮಿ, ನಾವು ಹುರುಳಿ ಬೆಳಿತೀವಿ. ನೀವೇ ಬಂದಿದ್ರಿ, ನೋಡಿದ್ರಿ."

ಅವನು ತಲೆ ಎತ್ತಲಿಲ್ಲ. "ಮಳೆಗಾಲದಲ್ಲಿ ಹಸಿರು ಕಂಡಿಲ್ಲ ಅಮ್ಮ. ಸಿಸ್ಟಮ್ಮು ಬೀಳು ಅಂತ ತಗೊಂಡಿದೆ. ತಕರಾರು ಹಾಕಿ. ಈ ಮುಂಗಾರಿನ ಫೋಟೋ ನೋಡಿಯೇ ಕೊನೆ ನಕ್ಷೆ ಮಾಡ್ತೀವಿ. ಟೈಮಿಗೆ ಬಿತ್ತಿದ್ರೆ ಬರುತ್ತೆ."

ಟೈಮಿಗೆ ಬಿತ್ತಿದರೆ! ಬಸ್ಸಿಳಿದ ಮೇಲೆ ಅತ್ತೆ ಹೇಳಿದಳು: "ಈ ಸಲ ಮೊದ್ಲು ನಮ್ದು ಬಿತ್ತಾಣ ಹೇಮಿ. ಗೌಡ್ರು ಏನು ಹಾಕ್ತಾರೋ ಅದೇ ಹಾಕಾಣ. ಅವರ ಹೊಲ ಕಾಣ್ತೈತೆ ಅಂದ್ಮ್ಯಾಲೆ ನಮ್ದೂ ಕಾಣ್ಲೇಬೇಕಲ್ಲ."

ನನಗೂ ಸರಿಯೆನ್ನಿಸಿತು. ಹೊಳಲ್ಕೆರೆಗೆ ಹೋಗಿ ಗೌಡರು ತರುವ ಮೆಕ್ಕೆಜೋಳದ ಬೀಜವನ್ನೇ, ಅದೇ ಚೀಲದ್ದನ್ನೇ ಕೇಳಿ ತಂದೆವು. ನಮ್ಮ ಬುದ್ಧಿ ಅಷ್ಟೇ ಓಡಿದ್ದು.

ಮಳೆ ಬಿತ್ತು. ನೆಲ ಹದವಾಯಿತು. ಗೌಡರ ಮಗ ಗುರುರಾಜ್ ಬೈಕಿನಲ್ಲಿ ಕೇರಿಗೆ ಬಂದು, ಕಾಲು ಕೆಳಗಿಡದೆ, "ಬರ್ರಿ ಬರ್ರಿ, ಎದ್ದೇಳ್ರಿ" ಎಂದು ಹಾರನ್ ಹೊಡೆದ. ಅತ್ತೆ ಅವನ ಹಿಂದೆಯೇ ಗೌಡರ ಅಂಗಳಕ್ಕೆ ಹೋದಳು. ನಾನೂ ಹೋದೆ.

"ಗೌಡ್ರೆ, ಈ ಸಲ ಟ್ರ್ಯಾಕ್ಟರ್ರು ಒಂದು ಒಪ್ಪೊತ್ತು ಮೊದ್ಲು ನಮಿಗೆ ಕೊಡ್ರಿ. ನಮ್ದು ಬಿತ್ತಿ ನಿಮ್ದಕ್ಕೆ ಬತ್ತೀವಿ."

ಗೌಡರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. "ಏನಂದೆ?"

ಅತ್ತೆ ಮತ್ತೆ ಹೇಳಿದಳು.

"ನಿನ್ನ ಗಂಡನೂ ನಿಂತು ಕೇಳಿರಲಿಲ್ಲ ಕಣೇ ಇಂಥ ಮಾತ. ಹೋಗು, ಬೀಜದ ಚೀಲ ಎತ್ತು."

"ಎತ್ತಲ್ಲ ಗೌಡ್ರೆ."

ಗೌಡರು ಎದ್ದು ಬಂದು ಅತ್ತೆಯ ಕಾಲ ಬಳಿ ಉಗಿದರು. ಕೆಂಪು ರಸ ಅವಳ ಸೀರೆಯಂಚಿಗೆ ಸಿಡಿಯಿತು. "ಕೈಲಿ ಬಗೀತೀಯೋ, ಹಲ್ಲಲ್ಲಿ ಬಗೀತೀಯೋ, ಬಿತ್ಕ ಹೋಗು. ಅದೆಂಗೆ ಬಿತ್ತೀಯ ನಾನೂ ನೋಡ್ತೀನಿ."

ಅಟ್ಟದ ಮೇಲೆ ಮಾವನ ಕಾಲದ ಮರದ ಕೂರಿಗೆ ಇತ್ತು. ಇಳಿಸಿದೆವು. ಎತ್ತಿಲ್ಲ. ನೊಗಕ್ಕೆ ನಾನೂ ನನ್ನ ಗಂಡ ರಂಗೇಶನೂ ಹೆಗಲು ಕೊಟ್ಟೆವು. ಹಿಂದೆ ಬೀಜ ಬಿಡಲು ಅತ್ತೆ. ಒಂದು ಸಾಲು ಮುಗಿಯುವುದರೊಳಗೆ ರಂಗೇಶ ಮೊಣಕಾಲೂರಿದ. ಹಸಿ ನೆಲ ಒಳಗಿಳಿದ ಕೂರಿಗೆಯ ತಾಳುಗಳನ್ನು ಹಿಡಿದು ಬಿಡುತ್ತಿರಲಿಲ್ಲ. ಎರಡನೇ ಸಾಲಿಗೆ ಕೇರಿಯ ಹೆಂಗಸರು ಬಂದರು. ಗೌಡರ ಹೊಲಕ್ಕೆ ಹೋಗಬೇಕಾಗಿದ್ದವರು. ನೊಗಕ್ಕೆ ಹಗ್ಗ ಕಟ್ಟಿ ಹಿಡಿದರು. ಎಳೆದೆವು. ಹಗ್ಗ ಹೆಗಲಿನ ಚರ್ಮ ಕಿತ್ತಿತು. ರವಿಕೆ ರಕ್ತಕ್ಕೆ ಅಂಟಿಕೊಂಡಿತು. ನನಗೆ ಆಗ ಮೂರು ತಿಂಗಳಾಗಿತ್ತು. ಅತ್ತೆಗೆ ಹೇಳಿರಲಿಲ್ಲ. ಮಧ್ಯಾಹ್ನ ಹೊಟ್ಟೆ ಹಿಂಡಿತು. ಬೇಲಿ ಮರೆಗೆ ಹೋದೆ, ರಕ್ತ ಹರಿಯಿತು. ಸೆರಗಿನ ಬಟ್ಟೆ ಹರಿದು ಕಟ್ಟಿಕೊಂಡು ಬಂದು ಮತ್ತೆ ಹಗ್ಗ ಹಿಡಿದೆ. ಯಾರಿಗೆ ಹೇಳಲಿ? ಹದ ಆರಿಹೋಗುತ್ತಿತ್ತು.

ಗೌಡರ ಬದುವಿನ ಮೇಲೆ ಗುರುರಾಜನೂ ಅವನ ಗೆಳೆಯರೂ ನಿಂತು ಮೊಬೈಲಲ್ಲಿ ನಮ್ಮನ್ನು ಹಿಡಿಯುತ್ತಿದ್ದರು. "ಹೋರಿ ಎಲ್ಲಿ ಹೋದ್ವೋ, ಬರೀ ಹಸುಗಳ್ನೇ ಕಟ್ಟಾರೆ" ಎಂದು ನಕ್ಕರು. ಬದು ಎಂದೆನಲ್ಲ, ಅದು ಬದುವೇನೂ ಆಗಿ ಉಳಿದಿರಲಿಲ್ಲ. ವರ್ಷವರ್ಷವೂ ಗೌಡರ ನೇಗಿಲು ಕೊರೆದು ಕೊರೆದು ಅದು ಒಂದು ಮೊಳ ಅಗಲಕ್ಕೆ ಇಳಿದಿತ್ತು. ಗುಡ್ಡದ ಬುಡದ ಕೇರಿಯ ತುಂಡುಗಳಲ್ಲಿ ಗೌಡರ ಹೊಲಕ್ಕೆ ಅಂಟಿದ್ದು ನಮ್ಮದೊಂದೇ.

ಗೌಡರು ಟೆಂಪೋದಲ್ಲಿ ಹೊರಗಿನ ಆಳು ತರಿಸಿ ಅದೇ ವಾರ ಬಿತ್ತಿಸಿದರು. ಅಂಗಡಿಯಲ್ಲಿ ನಮಗೆ ಉಪ್ಪು ನಿಂತಿತು. ಹಿಟ್ಟಿನ ಗಿರಣಿಯವನು, "ಕರೆಂಟಿಲ್ಲ ಕಣಮ್ಮ" ಎಂದು ಓಡುವ ಗಿರಣಿಯ ಮುಂದೆ ನಿಂತು ಹೇಳಿದ. ನಲ್ಲಿ ನೀರು ಕೇರಿಯ ತಿರುವಿನ ತನಕ ಬಂದು ಅಲ್ಲೇ ನಿಂತಿತು. ರಾಗಿಯನ್ನು ಬೀಸುಕಲ್ಲಿನಲ್ಲಿ ಬೀಸಿ, ಉಪ್ಪಿಲ್ಲದೆ ಉಂಡೆವು. ಹೊಲ ಮಾತ್ರ ಬಂತು. ಹೆಂಗೆ ಬಂತು ಅಂತೀರಿ! ಸೊಂಟ ಮುಟ್ಟಿತು, ತಲೆ ದಾಟಿತು, ತುದಿಗೆ ಹೂವಿನ ಸೂಲಂಗಿ ಒಡೆಯಿತು. ಅತ್ತೆ ದಿನಾ ಹೊಲದ ನಡುವೆ ನಿಂತು ಮುಗಿಲು ನೋಡುತ್ತಿದ್ದಳು. "ಇವತ್ತು ಮೋಡ ಇಲ್ಲ. ಇವತ್ತು ಕಂಡಿರ್ತೈತೆ" ಅನ್ನುತ್ತಿದ್ದಳು.

ತಕರಾರಿನ ದಿನ ಬಂತು. ಕಚೇರಿಯಲ್ಲಿ ದೊಡ್ಡ ಪರದೆಯ ಮೇಲೆ ಹೊಸ ನಕ್ಷೆ ಹಾಕಿದ್ದರು. ಗೌಡರು, ಗುರುರಾಜ್ ಮುಂದಿನ ಕುರ್ಚಿಯಲ್ಲಿ. ನಾವು ಬಾಗಿಲ ಬಳಿ. ಅಂಜನ್ ಗುಂಡಿ ಒತ್ತಿದ. ಗುಡ್ಡ ಬಂತು, ರೈಲು ಹಳಿ ಬಂತು, ನಮ್ಮ ತುಂಡು ಬಂತು. ಹಸಿರು! ಅತ್ತೆ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬಳೆ ಒಡೆಯಿತು.

ಮೇಜಿನ ಹಿಂದಿನ ಸಾಹೇಬರು ಓದಿದರು. ಗುಡ್ಡದಂಚಿನ ಗೋಮಾಳದ ತುಂಡು ಶಿವಕುಮಾರಪ್ಪನವರ ಹೊಲಕ್ಕೆ ಸೇರಿದಂತೆ ಅವರ ಸಾಗುವಳಿಯಲ್ಲಿದೆ. ಅವರೂ ಅದಕ್ಕೆ ಅರ್ಜಿ ಹಾಕಿದ್ದಾರೆ. ಬೋರಮ್ಮ ಎಂಬುವರ ಅರ್ಜಿ ವಜಾ.

"ಸಾಮಿ, ಅದು ನಾನು ಬಿತ್ತಿದ್ದು!" ಅತ್ತೆ ಕೂಗಿದಳು.

ಅಂಜನ್ ಈ ಸಲ ಬಿಡಿಸಿ ಹೇಳಿದ. "ಎರಡೂ ಕಡೆ ಒಂದೇ ಬೆಳೆ. ಬಿತ್ತನೆಯೂ ಒಂದೇ ವಾರ. ಒಂದೇ ಥರ ಹಸಿರಾಗಿದೆ. ನಡುವೆ ಬದು ಕಾಣಲ್ಲ. ಅದಕ್ಕೇ ಸಿಸ್ಟಮ್ಮು ಎರಡನ್ನೂ ಸೇರಿಸಿ ಒಂದೇ ಹೊಲ ಅಂತ ಗೆರೆ ಹಾಕಿದೆ."

ತಡವಾಗಿ ಬಿತ್ತಿದರೆ ಬೀಳು. ಹೊತ್ತಿಗೆ ಬಿತ್ತಿದರೆ ಗೌಡರದು. ಬೇಲಿ ಮರೆಯಲ್ಲಿ ಮಣ್ಣಿಗೆ ಹೋದ ನನ್ನ ಕೂಸು ಕಣ್ಣ ಮುಂದೆ ಬಂತು. ಆ ಪರದೆಯನ್ನು ಹರಿದು ಹಾಕಬೇಕು ಅನ್ನಿಸಿತು.

ಅತ್ತೆ ಅಳಲಿಲ್ಲ. "ಎಷ್ಟಗಲ ಬದು ಇದ್ರೆ ನಿಮಗೆ ಕಾಣ್ತೈತೆ ಸಾಮಿ?"

"ಹತ್ತು ಮೀಟರಿಗಿಂತ ಜಾಸ್ತಿ ಬೇಕು. ಇಪ್ಪತ್ತಿದ್ರೆ ಚೆನ್ನಾಗಿ ಕಾಣುತ್ತೆ."

ಗೌಡರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕರು. "ಇಪ್ಪತ್ತು ಮೀಟರು ಬಿಟ್ರೆ ನಿನಗೆ ಉಳಿಯೋದು ಏನೇ ಬೋರಿ? ಕೊಯ್ದು ಹಾಕು. ಮುಗಿಲಿಗೆ ಕಾಣ್ಲಿ. ಉಣ್ಣಾಕೆ ಗಾಳಿ ಐತೆ." ಸಾಹೇಬರೂ ನಕ್ಕರು. ಅಂಜನ್ ಮಾತ್ರ ಪರದೆ ಆರಿಸಿದ.

ಕೊನೆ ಫೋಟೋ ಇನ್ನೂ ತೆಗೆಯುವುದಿದೆ, ಕೊಯ್ಲಿಗೆ ಮುಂಚೆ, ಅದರಲ್ಲಿ ಬದು ಕಂಡರೆ ತೀರ್ಮಾನ ಬದಲಾಗಬಹುದು, ಎಂದು ಬಾಗಿಲ ಬಳಿ ಬಂದು ಮೆಲ್ಲಗೆ ಹೇಳಿದವನೂ ಅವನೇ. ಅದನ್ನು ಹೇಳಿ ಅವನು ಯಾವ ಮೈಲಿಗೆ ತೊಳೆದುಕೊಂಡನೋ ಅವನಿಗೇ ಗೊತ್ತು.

ಮಾರನೇ ಬೆಳಗ್ಗೆ ಅತ್ತೆ ಕುಡುಗೋಲು ಮಸೆದಳು. ಕೇರಿಯ ಹೆಂಗಸರೂ ಕುಡುಗೋಲು ಹಿಡಿದು ಬಂದರು. ಕಾಳು ಹಾಲು ತುಂಬುತ್ತಿದ್ದ ಬೆಳೆ. ಅದನ್ನು ನಾವೇ ಕೊಯ್ಯಬೇಕು. ನಾನು ನಮ್ಮ ಮೊದಲ ಸಾಲಿನ ಮುಂದೆ ನಿಂತೆ. ಕೈ ಏಳಲಿಲ್ಲ. ಕುಕ್ಕರಿಸಿ ಅತ್ತುಬಿಟ್ಟೆ.

"ಅಲ್ಲಲ್ಲ ಕಣೇ ಹೇಮಿ" ಎಂದಳು ಅತ್ತೆ. ನೋಡಿದರೆ ಅವಳು ಬದು ದಾಟಿ ಗೌಡರ ಹೊಲದಲ್ಲಿ ನಿಂತಿದ್ದಾಳೆ.

"ಅತ್ತೆ, ಅದು ಅವರ್ದು!"

"ಮ್ಯಾಲಿಂದ ನೋಡಿದ್ರೆ ಎಲ್ಡೂ ಒಂದೇ ಅಂತಲ್ಲ. ಒಂದೇ ಆದ್ಮ್ಯಾಲೆ ಎಲ್ಲಿ ಕೊಯ್ದ್ರೇನು? ಬಾ."

ಮೊದಲ ದಂಟು ಬಿತ್ತು. ನಮ್ಮ ಮೈಯಲ್ಲಿ ಏನು ಹೊಕ್ಕಿತೋ ಕಾಣೆ. ಹೆಂಗಸರೆಲ್ಲ ಒಟ್ಟಿಗೆ ನುಗ್ಗಿದೆವು. ಹಿಂದೆ ಇದೇ ಹೊಲದಲ್ಲಿ ಬಗ್ಗಿ ಬಗ್ಗಿ ಕಳೆ ಕಿತ್ತಿದ್ದೆವು. ಬಸುರಿಯರೂ ಕಿತ್ತಿದ್ದೆವು, ಬಾಣಂತಿಯರೂ ಕಿತ್ತಿದ್ದೆವು. ಕೊಯ್ದೆವು. ಗರಿ ಮುಖ ಸೀಳಿತು, ಕೊಯ್ದೆವು. ಹಗಲು ಬೆಳಕಿನಲ್ಲಿ, ಊರು ನೋಡುತ್ತಿದ್ದಂತೆ, ಬದುವಿನುದ್ದಕ್ಕೂ ಆರು ಲಾರಿ ಅಕ್ಕಪಕ್ಕ ಹೋಗುವಷ್ಟು ಅಗಲಕ್ಕೆ ಓಣಿ ಬಿತ್ತು.

ಆಮೇಲೆ ಅವರು ಬಂದರು. ಗುರುರಾಜನ ಕೈಯಲ್ಲಿ ಕಬ್ಬಿಣದ ಪೈಪಿತ್ತು. ನಮ್ಮ ಜಾತಿ ಎತ್ತಿ, ನಮ್ಮ ತಾಯಂದಿರನ್ನು ಎತ್ತಿ ಬೈಯುತ್ತಲೇ ಹೊಡೆದರು. ನನ್ನ ಬೆನ್ನಿಗೆ ಬಿತ್ತು. ಅತ್ತೆ ಕುಡುಗೋಲು ಬಿಡಲಿಲ್ಲ. ಗುರುರಾಜ್ ಅವಳನ್ನು ಕೆಡವಿ, ಕುಡುಗೋಲು ಹಿಡಿದ ಬಲಗೈ ಮೇಲೆ ಬೂಟುಗಾಲಿಟ್ಟು, ಮೊಣಕೈ ಕೆಳಗೆ ಪೈಪು ಬೀಸಿದ. ಮೂಳೆ ಮುರಿದ ಸದ್ದು ನಮಗೆಲ್ಲ ಕೇಳಿತು. ಗೌಡರು ಪಕ್ಕದಲ್ಲೇ ನಿಂತು, "ಇನ್ನೊಂದೂ ಮುರಿಯಲೇ" ಅಂದರು. ಪೊಲೀಸ್ ಜೀಪು ಬಂತು. ಹತ್ತಿಸಿದ್ದು ನಮ್ಮನ್ನು.

ಠಾಣೆಯಲ್ಲಿ ನಾವು ನೆಲದ ಮೇಲೆ. ಅತ್ತೆಯ ಕೈ ಊದಿ ಕಪ್ಪಾಗಿತ್ತು, ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಆಸ್ಪತ್ರೆ ಎಂದರೆ, "ಮೊದ್ಲು ದೂರು ಮುಗೀಲಿ" ಎಂದರು. ಗುರುರಾಜ್ ಹೊರಗೆ ಫೋನಿನಲ್ಲಿದ್ದ. ಗೌಡರು ಕುರ್ಚಿಯಲ್ಲಿ ಕುದಿಯುತ್ತ ಹೇಳುತ್ತಿದ್ದರು. ರೈಟರು ಬರೆದುಕೊಳ್ಳುತ್ತಿದ್ದ.

"ಎಲ್ಲಿಂದ ನುಗ್ಗಿದ್ರು?"

"ಇನ್ನೆಲ್ಲಿಂದ ಕಣಯ್ಯಾ? ಅವಳ ಹೊಲದಿಂದ. ಬದು ದಾಟಿ ಬಂದು ನನ್ನ ಹೊಲಕ್ಕೆ ಬಿದ್ದಾರೆ."

"ಅವರ ಹೊಲದಲ್ಲೇನಿತ್ತು?"

"ಅಲ್ಲೂ ಮೆಕ್ಕೆಜೋಳವೇ. ತಾನು ಬಿತ್ತಿದ್ದು ಒಂದು ದಂಟು ಮುಟ್ಟಿಲ್ಲ ನೋಡು ಮುಂಡೆ! ನನ್ನದೇ ಕೊಯ್ದಾಳೆ. ಬರ್ಕ, ಎಲ್ಲ ಬರ್ಕ."

ರೈಟರು ಎಲ್ಲ ಬರೆದ. ಓದಿ ಹೇಳಿದ. ಗೌಡರು ಸಹಿ ಮಾಡಿದರು. ಎಫ್‌ಐಆರ್ ನಂಬರು ಬಿತ್ತು. ತೊಡೆಯ ಮೇಲಿದ್ದ ಅತ್ತೆಯ ಕೈ ಅಲುಗಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನೋವಿನಲ್ಲಿ ಅವಳ ತುಟಿ ಬಿಳಿಚಿಕೊಂಡಿತ್ತು. ಆದರೂ ನಕ್ಕಳು.

ಗುರುರಾಜ್ ಒಳಗೆ ಬಂದು ದೂರಿನ ಪ್ರತಿ ಓದಿದ. ಅವನ ಮುಖ ಸುಟ್ಟ ಬದನೆಕಾಯಿಯಾಯಿತು. "ಅಪ್ಪಾ, ಏನ್ ಬರೆಸೀಯ? ಅವಳ ಹೊಲ, ಅವಳು ಬಿತ್ತಿದ್ದು, ಬದು ಐತೆ ಅಂತ ನೀನೇ ಸಹಿ ಹಾಕೀಯಲ್ಲ! ಅರ್ಜಿ ಗತಿ ಏನು?" ಅಪ್ಪ ಮಗ ಇನ್ಸ್‌ಪೆಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಇನ್ಸ್‌ಪೆಕ್ಟರು ಹೊರಗೆ ಬಂದಾಗ ದನಿಯೇ ಬೇರೆಯಾಗಿತ್ತು. "ನೋಡಮ್ಮ ಬೋರಕ್ಕ, ಗೌಡ್ರು ದೊಡ್ಡ ಮನಸ್ಸು ಮಾಡ್ಯಾರೆ. ಏನೂ ನಡೆದೇ ಇಲ್ಲ ಅಂತ ರಾಜಿ ಮಾಡ್ಕಳ್ರಿ. ನಿಮ್ಮ ಮೇಲೆ ಕೇಸಿಲ್ಲ. ಒಂದು ಹೆಬ್ಬೆಟ್ಟು ಒತ್ತು, ಜೀಪಲ್ಲೇ ಆಸ್ಪತ್ರೆಗೆ ಕಳಿಸ್ತೀನಿ."

"ನಡೆದೈತಲ್ಲ ಸಾಮಿ" ಎಂದಳು ಅತ್ತೆ. "ನನ್ನ ಹೊಲದಿಂದ ಬದು ದಾಟಿ ಹೋಗಿ ಅವರ ಹೊಲ ಕೊಯ್ದೀನಿ. ಅವರು ಹೇಳಿದ್ದು ಸತ್ಯ ಐತೆ."

"ಜೈಲಾಗ್ತದೆ ಮುದುಕಿ."

"ಆಗ್ಲಿ."

ಇನ್ಸ್‌ಪೆಕ್ಟರು ಕಣ್ಣು ಮಾಡಿದರು. ಪೇದೆಯಮ್ಮ ಶಾಯಿಯ ಡಬ್ಬಿ ತಂದು ಅತ್ತೆಯ ಮುಂದೆ ಕುಳಿತಳು. ಬಲಗೈ ಮುರಿದಿತ್ತು. ಎಡಗೈ ಹಿಡಿದಳು. ಅತ್ತೆ ಹೆಬ್ಬೆರಳನ್ನು ಒಳಗೆ ಹಾಕಿ ಮುಷ್ಟಿ ಕಟ್ಟಿದಳು. ಪೇದೆಯಮ್ಮ ಒಂದೊಂದೇ ಬೆರಳು ಬಿಡಿಸಲು ನೋಡಿದಳು. ಗುರುರಾಜ್ ಬಗ್ಗಿ ಮುರಿದ ಕೈ ಒತ್ತಿದ. ಅತ್ತೆ ಚೀರಿದಳು. ನಾನು ಅವನ ಕೈ ಕಚ್ಚಿದೆ. ಮುಷ್ಟಿ ಬಿಚ್ಚಲಿಲ್ಲ.

"ಒಳಗೆ ಹಾಕ್ರಿ" ಎಂದಳು ಅತ್ತೆ. ಎದ್ದು ನಿಂತಳು. ಲಾಕಪ್ಪಿನ ಬಾಗಿಲು ತೆರೆದೇ ಇತ್ತು. ಯಾರೂ ತಳ್ಳುವ ಮೊದಲೇ ತಾನಾಗಿ ಒಳಗೆ ಹೋಗಿ ಗೋಡೆಗೊರಗಿ ಕುಳಿತಳು.

"ಬೀಗ ಹಾಕ್ರಿ ಸಾಮಿ" ಎಂದಳು. "ನಾನು ಪಕ್ಕದ ಹೊಲದೋಳು."